ಎದೆಯ ಹಾಲೋ, ಡಬ್ಬಿಯ ಹಾಲೋ?

ಆಫ್ರಿಕ ಖಂಡದ ದಕ್ಷಿಣಕ್ಕಿರುವ ಬೋಟ್ಸ್ವಾನ ದೇಶದಲ್ಲಿ ಮಳೆಗೆ ‘ಪುಲಾ’ ಎಂದು ಹೆಸರು. ಅಲ್ಲಿನ ಹಣದ ಹೆಸರೂ ಪುಲಾ. ಸಭೆಗಳಲ್ಲಿ ಜನರು ಶುಭ ಕೋರಿ ಕೂಗುವುದೂ ‘ಪುಲಾ’ ಎಂದೇ. ಬಹುಭಾಗವನ್ನು ಕಲಹಾರಿ ಮರುಭೂಮಿಯೇ ಆವರಿಸಿರುವ ನಾಡಿಗೆ ಮಳೆಗಿಂತ ಮಿಗಿಲಾದ ಭಾಗ್ಯ ಇನ್ನಾವುದಿದ್ದೀತು? ಆದರೆ 2006ರ ಆರಂಭದಲ್ಲಿ ಎಡೆಬಿಡದೆ ಸುರಿದ ಮಳೆ ಅಲ್ಲಿನ ಹಸುಗೂಸುಗಳ ಪಾಲಿಗೆ ಮೃತ್ಯುವಾಯಿತು. ಜನವರಿಯಿಂದ ಮಾರ್ಚಿಯೊಳಗೆ ಮಕ್ಕಳ ಅತಿಸಾರ ಮೂರು ಪಟ್ಟು ಹೆಚ್ಚಿತು. ಅದರಿಂದಾದ ಸಾವುಗಳು 25 ಪಟ್ಟು ಹೆಚ್ಚಿದವು.

ದೇಶದ ಎರಡನೆಯ ದೊಡ್ಡ ಆಸ್ಪತ್ರೆಯಲ್ಲಿ ಆಗ ದಾಖಲಾಗಿದ್ದ 153 ಮಕ್ಕಳ ವಿಷಯವನ್ನು ತಜ್ಞರು ಒಂದೊಂದಾಗಿ ಪರಿಶೀಲಿಸಿದರು. ಹೆಚ್ಚುಕಡಿಮೆ ಎಲ್ಲರೂ ಎರಡು ವರ್ಷಕ್ಕಿಂತ ಕಿರಿಯರು. ಆ ಕಿರಿಯರಲ್ಲಿ ನೂರಕ್ಕೆ 88 ಮಂದಿ ತಾಯಿಯ ಹಾಲನ್ನು ಕುಡಿಯುತ್ತಿರಲಿಲ್ಲ. 33 ಮಕ್ಕಳು ಆಸ್ಪತ್ರೆಯಿಂದ ಮನೆಗೆ ಮರಳಲಿಲ್ಲ. ತಾಯಂದಿರಲ್ಲಿ ನೂರಕ್ಕೆ 64 ಮಂದಿಗೆ ಎಚ್.ಐ.ವಿ. ಸೋಂಕು ಇದ್ದಿತು. ಮಕ್ಕಳಲ್ಲಿ ಅದು ಕಂಡುಬಂದುದು ನೂರಕ್ಕೆ 18 ಮಂದಿಯಲ್ಲಿ ಮಾತ್ರ. ಎಂದರೆ, ಯಾವ ಸೋಂಕು ತಗಲಬಾರದೆಂದು ಎದೆಹಾಲನ್ನು ಬಿಡಿಸಲಾಗಿತ್ತೋ ಆ ಸೋಂಕಿನಿಂದ ಹೆಚ್ಚಿನ ಮಕ್ಕಳು ಪಾರಾಗಿದ್ದರು. ಪಾರಾದವರನ್ನು ನೀರು ಹಿಡಿದಿತ್ತು.

ಇದರಲ್ಲಿ ಸರಕಾರದ ಅಲಕ್ಷ್ಯವನ್ನು ಹುಡುಕುವುದು ನ್ಯಾಯವಲ್ಲ. ಎದೆಹಾಲಿನ ಮೂಲಕ ಈ ಸೋಂಕು ಮಗುವಿಗೆ ಹರಡಬಲ್ಲುದೆಂಬ ಸಂಗತಿ 1985ರಲ್ಲಿಯೇ ಬೆಳಕಿಗೆ ಬಂದಿದ್ದಿತು. ಬೋಟ್ಸ್ವಾನದಲ್ಲಿ 2005ರಲ್ಲಿ ಗರ್ಭಿಣಿಯರ ಪೈಕಿ ಮೂವರಲ್ಲಿ ಒಬ್ಬಳಿಗೆ ಸೋಂಕು ಇದ್ದಿತು. ವಜ್ರದ ಗಣಿಗಳಿಂದ ಸಂಪನ್ನವಾದ ಆ ಸರಕಾರ 1999ರಿಂದ ಇಂತಹ ತಾಯಂದಿರಿಗೆ ಔಷಧವನ್ನೂ ಕೂಸಿಗೆ ಒಂದು ವರ್ಷಕ್ಕೆ ಬೇಕಾಗುವ ಹಾಲುಪುಡಿಯನ್ನೂ ಉಚಿತವಾಗಿ ಕೊಡತೊಡಗಿತು. ನೆರೆಯ ಅನೇಕ ದೇಶಗಳಿಗೆ ಅಷ್ಟು ಶಕ್ತಿ ಇರಲಿಲ್ಲ. ಸದುದ್ದೇಶದಿಂದ ಹೊರಟ ಯೋಜನೆಯೇ ಅದು. ಆದರೆ ಹಾಲುಪುಡಿಯ ಡಬ್ಬಿಯೊಡನೆ ಶುದ್ಧವಾದ ನೀರನ್ನು ಕಟ್ಟಿ ಕಳುಹಿಸಲು ಯಾವ ಸರಕಾರಕ್ಕೂ ಸಾಧ್ಯವಿಲ್ಲ.

ಅದೇ ದೇಶದಲ್ಲಿ 1200 ತಾಯಂದಿರನ್ನು ಒಳಗೊಂಡು ನಡೆದ ಒಂದು ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಏಳು ತಿಂಗಳಾಗುವ ಹೊತ್ತಿಗೆ, ಮಗುವಿಗೆ ಔಷಧ ಕೊಡುತ್ತ ಎದೆಹಾಲೂಡಿದವರಲ್ಲಿ ನೂರಕ್ಕೆ 9 ಮಕ್ಕಳಿಗೆ ಸೋಂಕು ತಗಲಿತ್ತು. ಪುಡಿಹಾಲು ಕುಡಿದವರಲ್ಲಿ ಅದು 5.6. ಸಾವಿನ ಲೆಕ್ಕ ಇದಕ್ಕೆ ವಿಲೋಮ: ಎದೆಹಾಲಿನವರಲ್ಲಿ 4.9, ಪುಡಿಹಾಲಿನವರಲ್ಲಿ 9.3. ತಕ್ಕಡಿಯ ಒಂದು ತಟ್ಟೆಯಲ್ಲಿ ಗಳಿಸಿದುದನ್ನು ಇನ್ನೊಂದರಲ್ಲಿ ಕಳೆದುಕೊಂಡಂತಾಯಿತು.

ಅಂಕಿಗಳಿಗೆ ನಿಲುಕದ ಕಷ್ಟ ಮನೆಯೊಳಗಿನದು. ಕನ್ನಡ ನಾಡಿನಲ್ಲಿರುವಂತೆಯೇ ಅಲ್ಲಿಯೂ ಬಾಣಂತಿ ತನ್ನ ತಾಯಿಯ ಮನೆಯಲ್ಲಿ ಕೆಲವು ವಾರ ಹೊರಗೆ ಕಾಲಿಡದೆ ಇರುವ ಪದ್ಧತಿಯುಂಟು; ‘ಬೊತ್ಸೆತ್ಸಿ’ ಎಂದು ಅದರ ಹೆಸರು. ಕೂಸಿನ ಅಜ್ಜಿಯೇ ಆಗ ಮನೆಯ ಒಡತಿ. ಹಡೆದ ಹುಡುಗಿ ಕೂಸನ್ನು ಎದೆಗೆ ಹಿಡಿಯದೆ ಸೀಸೆಗೆ ಕೈಯಿಟ್ಟರೆ ಅಜ್ಜಿ ಕೇಳದೆ ಬಿಟ್ಟಾಳೆಯೆ? ನೆಂಟರು ಸುಮ್ಮನಿದ್ದಾರೆಯೆ? ಗೂಡಿನಲ್ಲಿಟ್ಟ ಹಾಲುಪುಡಿಯ ಡಬ್ಬಿ, ಅವಳು ಗಂಡನಿಗೂ ಹೇಳದೆ ಬಚ್ಚಿಟ್ಟಿದ್ದ ಗುಟ್ಟನ್ನು ಓಣಿಗೆಲ್ಲ ಸಾರುತ್ತಿತ್ತು. ಹಾಗಾಗಿ ಹಗಲು ನಾಲ್ವರ ಎದುರು ಎದೆಹಾಲು, ರಾತ್ರಿ ಕದವಿಕ್ಕಿಕೊಂಡು ಸೀಸೆಯ ಹಾಲು ಎಂಬ ದಾರಿಯನ್ನು ಹಿಡಿದವರೂ ಉಂಟು.

ಎಲ್ಲಕ್ಕಿಂತ ಅಪಾಯವಾದ ದಾರಿ ಇದೇ. ದಕ್ಷಿಣ ಆಫ್ರಿಕದ ಡರ್ಬನ್ ನಗರದಲ್ಲಿ ಆನ್ನಾ ಕುಟ್ಸೂಡಿಸ್ ಎಂಬ ವಿದುಷಿ ಮತ್ತು ಅವರ ಸಂಗಡಿಗರು 1999ರಲ್ಲಿ ಈ ವಿಷಯದ ಮೇಲೆ ಬೆಳಕು ಚೆಲ್ಲಿದರು. ಮೂರು ತಿಂಗಳಾಗುವ ಹೊತ್ತಿಗೆ, ಎದೆಹಾಲಿನ ಜತೆಗೆ ನೀರು, ಗಂಜಿ, ಪುಡಿಹಾಲುಗಳನ್ನೂ ಕಂಡ ಮಕ್ಕಳಲ್ಲಿ ನೂರಕ್ಕೆ 24 ಮಂದಿಗೆ ಸೋಂಕು ಇದ್ದಿತು. ಎದೆಹಾಲನ್ನು ಬಿಟ್ಟು ತೊಟ್ಟು ನೀರನ್ನೂ ಕಾಣದವರಲ್ಲಿ ಅದು 15ಕ್ಕೂ ಕಡಿಮೆ. ಹೊರಗಿನ ಆಹಾರ ಎಳೆಗರುಳಿನ ಒಳಪದರವನ್ನು ಕೆರಳಿಸಿ ಸೋಂಕಿಗೆ ಎಡೆಮಾಡಿಕೊಡುತ್ತದೆ ಎಂಬುದು ವೈದ್ಯರ ಊಹೆ. ‘ಒಂದು ಗುಟುಕು ನೀರಿಗೇನಾದೀತು’ ಎನ್ನುವ ಹಿರಿಯರ ಮಮತೆ ಇಲ್ಲಿ ಕೂಸಿಗೆ ಮುಳುವಾದೀತು.

ಇಂದು ಈ ಕಗ್ಗಂಟು ಬಹುಮಟ್ಟಿಗೆ ಸಡಿಲಿದೆ. ಅದನ್ನು ಸಡಿಲಿಸಿದುದು ತಾಯಿಯೇ ದಿನವೂ ನುಂಗುವ ಗುಳಿಗೆ. ಔಷಧದಿಂದ ಅವಳ ರಕ್ತದಲ್ಲಿ ವೈರಸ್ಸು ಅಡಗಿದರೆ ಹಾಲಿನ ಮೂಲಕ ಅದು ಹರಡುವ ಸಂಭವ ನೂರಕ್ಕೆ ಒಂದಕ್ಕಿಂತಲೂ ಕೆಳಗಿಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ, ಔಷಧದ ರಕ್ಷಣೆಯಲ್ಲಿ ಒಂದು ವರ್ಷ ಎದೆಹಾಲೂಡಬಹುದೆಂದಿತು. 2016ರಲ್ಲಿ ಆ ಅವಧಿಯನ್ನು ಎರಡು ವರ್ಷ ಅಥವಾ ಅದಕ್ಕೂ ಮೇಲಕ್ಕೆ ವಿಸ್ತರಿಸಿತು. ಮೊದಲ ಆರು ತಿಂಗಳು ಮಾತ್ರ ಬೇರೇನನ್ನೂ ಕೊಡಕೂಡದು. ಭಾರತದಲ್ಲಿ 2014ರಿಂದ ಸೋಂಕಿರುವ ಪ್ರತಿ ಗರ್ಭಿಣಿಗೂ ಜೀವಮಾನಪರ್ಯಂತ ಈ ಔಷಧವನ್ನು ಕೊಡುವ ಏರ್ಪಾಡಾಯಿತು. ಎದೆಹಾಲು ಕೂಡದೆಂದು ದಶಕಗಳ ಕಾಲ ಪಟ್ಟುಹಿಡಿದಿದ್ದ ಅಮೆರಿಕವೂ 2023ರಲ್ಲಿ ತನ್ನ ನಿಲುವನ್ನು ಸಡಿಲಿಸಿ, ವೈದ್ಯರೊಡನೆ ಸಮಾಲೋಚಿಸಿ ತಾಯಿಯೇ ನಿರ್ಧರಿಸಲೆಂದಿತು. ಬೋಟ್ಸ್ವಾನವಂತೂ 2021ರಲ್ಲಿ, ತಾಯಿಯಿಂದ ಮಗುವಿಗೆ ಸೋಂಕು ಹರಡುವುದನ್ನು ತೊಡೆದುಹಾಕುವ ಹಾದಿಯಲ್ಲಿ ಮುನ್ನಡೆದುದಕ್ಕಾಗಿ ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆಗೆ ಪಾತ್ರವಾಯಿತು. ಸೋಂಕು ಅಷ್ಟೊಂದು ವ್ಯಾಪಿಸಿದ್ದ ದೇಶವೊಂದಕ್ಕೆ ಆ ಗೌರವ ಸಂದದ್ದು ಅದೇ ಮೊದಲು.

ಆದರೂ ತಾಯಿಯ ಮನಸ್ಸಿಗೆ ನೆಮ್ಮದಿ ಬೇಗನೆ ದೊರೆಯುವುದಿಲ್ಲ. ಗುಳಿಗೆಯ ಹೊತ್ತು ತಪ್ಪಬಾರದು. ಹುಟ್ಟಿದ ಮಗುವಿಗೂ ಕೆಲವು ವಾರ ಔಷಧದ ಹನಿಗಳನ್ನು ಹಾಕಬೇಕು. ಆರನೆಯ ವಾರದಲ್ಲಿ ಮಾಡಿದ ರಕ್ತಪರೀಕ್ಷೆ ಶುಭವಾಗಿ ಬಂದರೂ ಅದೇ ಕಡೆಯ ಮಾತಲ್ಲ. ಹಾಲು ಬಿಡಿಸಿ ಮೂರು ತಿಂಗಳು ಕಳೆದ ಮೇಲೆ, ಮಗುವಿಗೆ ಹದಿನೆಂಟು ತಿಂಗಳೂ ತುಂಬಿದ ಮೇಲೆ, ಇನ್ನೊಮ್ಮೆ ರಕ್ತ ತೆಗೆಯುತ್ತಾರೆ. ಆ ವೇಳೆಗೆ ಮಗು ಆಸ್ಪತ್ರೆಯ ಮೆಟ್ಟಿಲನ್ನು ತಾನೇ ಹತ್ತುವಷ್ಟು ದೊಡ್ಡದಾಗಿರುತ್ತದೆ.