ಕೊಕ್ಕೊ ಹೂವಿಗೆ ಒಂದೇ ಹಗಲು

2024ರಲ್ಲಿ ಪಶ್ಚಿಮ ಆಫ್ರಿಕಾದ ಕೊಕ್ಕೊ ಬೆಳೆ ಹವಾಮಾನಕ್ಕೂ ರೋಗಕ್ಕೂ ಸಿಕ್ಕಿ ಸೊರಗಿತು. ಜಗತ್ತಿನ ಮಾರುಕಟ್ಟೆಯಲ್ಲಿ ಕೊಕ್ಕೊ ಬೀಜದ ಬೆಲೆ ಟನ್ನಿಗೆ 10,000 ಡಾಲರ್ ದಾಟಿತು. ದಕ್ಷಿಣ ಕನ್ನಡದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆ ಅಡಿಕೆ ಮರಗಳ ನಡುವೆ ಕೇಳುವವರಿಲ್ಲದೆ ನಿಂತಿದ್ದ ಕೊಕ್ಕೊ ಗಿಡಗಳಿಗೆ ಮತ್ತೆ ಬೆಲೆ ಬಂತು. ಈ ಸೀಮೆಗೆ ಕೊಕ್ಕೊ ಹೊಸದಲ್ಲ. 1980ರ ಹೊತ್ತಿಗೆ ಬೆಲೆ ಕುಸಿದು ಕೊಳ್ಳುವವರು ಹಿಂದೆ ಸರಿದಾಗ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಖರೀದಿಗೆ ಇಳಿಯಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು.

ಒಳ್ಳೆಯ ಫಸಲಿಗೆ ಗೊಬ್ಬರ, ನೀರು, ಕೊಂಬೆ ಸವರುವುದು ಎಲ್ಲವೂ ಬೇಕು, ಸರಿ. ಆದರೆ ಹೂವು ಕಾಯಿಯಾಗುವುದು ಮುಖ್ಯವಾಗಿ ಒಂದು ನೊರಜಿನಿಂದ.

ಕೊಕ್ಕೊ ಹೂವು ಕಾಂಡದ ಮೇಲೆಯೇ ಮೂಡುತ್ತದೆ. ಸಂಜೆಗೆ ಬಿರಿಯತೊಡಗಿ ಬೆಳಗಾಗುವಷ್ಟರಲ್ಲಿ ಪೂರ್ತಿ ಅರಳುತ್ತದೆ. ಪರಾಗ ಅಂಟಂಟು, ಗಾಳಿಗೆ ಹಾರದು. ಕೇಸರಗಳು ಎಸಳಿನ ಜೇಬಿನೊಳಗೆ ಅಡಗಿರುತ್ತವೆ. ಶಲಾಕೆಯ ಸುತ್ತ ಬಂಜೆ ಕೇಸರಗಳ ಬೇಲಿ. ಜೇನುನೊಣಕ್ಕೆ ಅಲ್ಲಿ ಜಾಗ ಸಾಲದು. ಒಂದರಿಂದ ಮೂರು ಮಿಲಿಮೀಟರ್ ಉದ್ದದ, ಫೋರ್ಸಿಪೊಮಿಯ ಕುಲದ ನೊರಜಿನಂಥ ಪುಟ್ಟ ಕೀಟ ಮಾತ್ರ ನುಸುಳಿ ಬೆನ್ನಿಗೆ ಪರಾಗ ಮೆತ್ತಿಸಿಕೊಂಡು ಮುಂದಿನ ಹೂವಿಗೆ ಹೋಗಬಲ್ಲದು. ಆ ಹಗಲು ಅದು ಬರದಿದ್ದರೆ ಹೂವು ಉದುರಿತೆಂದೇ ಲೆಕ್ಕ. ಬೆಳೆದ ಮರ ವರ್ಷಕ್ಕೆ ಸಾವಿರಾರು ಹೂ ಬಿಟ್ಟರೂ ಕಾಯಿಕಚ್ಚುವುದು ನೂರಕ್ಕೆ ಐದಕ್ಕಿಂತ ಕಡಿಮೆ.

ಪರಾಗ ತಲುಪಿದರೂ ಸಾಲದು. ಎಷ್ಟೋ ಕೊಕ್ಕೊ ಮರಗಳು ತಮ್ಮದೇ ಪರಾಗವನ್ನು ಒಪ್ಪುವುದಿಲ್ಲ. ಪರಾಗನಾಳ ಅಂಡಕದವರೆಗೆ ಬೆಳೆದು ಹೋಗುತ್ತದೆ, ಕೊನೆಯ ಹೆಜ್ಜೆಯಲ್ಲಿ ಮಿಲನ ತಪ್ಪುತ್ತದೆ, ಕೆಲವೇ ದಿನಗಳಲ್ಲಿ ಹೂವು ಬೀಳುತ್ತದೆ. ಚೆನ್ನಾಗಿ ಕಾಯಿ ಬಿಡುವ ಒಂದೇ ಮರದ ಕಸಿಯನ್ನು ಇಡೀ ತೋಟಕ್ಕೆ ನೆಟ್ಟರೆ ಫಸಲು ಕೈಕೊಡುವ ಅಪಾಯವಿರುವುದು ಇದರಿಂದಲೇ. ಹೊಂದುವ ಬೇರೆ ಬೇರೆ ತಳಿಗಳು ಅಕ್ಕಪಕ್ಕ ಇರಬೇಕು. ಬಂಟ್ವಾಳ ತಾಲ್ಲೂಕಿನ ವಿಟ್ಲದಲ್ಲಿರುವ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರದ ಕೊಕ್ಕೊ ತಳಿಗಳನ್ನು ಆರಿಸುವಾಗ ಯಾವುದಕ್ಕೆ ಯಾವುದು ಹೊಂದುತ್ತದೆ ಎಂದು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಇನ್ನು ನಮ್ಮ ಹವೆ. ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ನೊಳಗೆ ಸುರಿದುಬಿಡುತ್ತದೆ. ಬಿರುಮಳೆಯಲ್ಲಿ ನೊರಜು ಹಾರದು, ಕಾಯಿಗೆ ಫೈಟೊಫ್ತೊರಾ ಕೊಳೆ ಹತ್ತುತ್ತದೆ. ಬೇಸಿಗೆಯಲ್ಲಿ ಇದಕ್ಕೆ ತದ್ವಿರುದ್ಧ: ನೆಲ ಒಣಗಿದರೆ ಮಿಡಿ ಕಪ್ಪಾಗಿ ಗಿಡದಲ್ಲೇ ಮುರುಟುತ್ತದೆ, ನೊರಜಿನ ಮರಿಹುಳುಗಳಿಗೂ ನೆಲೆ ತಪ್ಪುತ್ತದೆ. ಅವು ಬೆಳೆಯುವುದು ಒದ್ದೆಯಾಗಿ ಕೊಳೆಯುತ್ತಿರುವ ತರಗೆಲೆಯಲ್ಲಿ, ಕೊಕ್ಕೊ ಸಿಪ್ಪೆಯಲ್ಲಿ, ಬಾಳೆದಿಂಡಿನಲ್ಲಿ. ಕೋಸ್ಟರಿಕಾದಲ್ಲಿ ಬಾಳೆದಿಂಡಿನ ತುಂಡುಗಳನ್ನು ತೋಟದಲ್ಲಿ ಹರಡಿ ನೊರಜು ಸಾಕುವ ಪ್ರಯೋಗಗಳೇ ನಡೆದಿವೆ. ಅಡಿಕೆಯ ನೆರಳು, ಬೇಸಿಗೆಯ ನೀರಾವರಿ, ಬುಡದ ಮುಚ್ಚಿಗೆ ಇವು ಗಿಡಕ್ಕೂ ನೊರಜಿಗೂ ಒಟ್ಟಿಗೆ ಆಗಿಬರುತ್ತವೆ. ಮರದಡಿಯನ್ನು ಕನ್ನಡಿಯಂತೆ ಗುಡಿಸಿಡುವುದು, ಕಂಡ ಹುಳಕ್ಕೆಲ್ಲ ಕೀಟನಾಶಕ ಹೊಡೆಯುವುದು ಎರಡೂ ಕಾಯಿಯನ್ನೇ ಕಡಿಮೆ ಮಾಡುತ್ತವೆ ಎಂಬುದು ನನ್ನ ದೃಢ ಅಭಿಪ್ರಾಯ.

ಕಾಯಿ ಒಡೆದಾಗ ಒಳ್ಳೆಯ ಸಿಪ್ಪೆಯನ್ನು ತೋಟದ ನೆರಳಲ್ಲೇ ಸಣ್ಣ ಸಣ್ಣ ಗುಪ್ಪೆ ಮಾಡಿ ಬಿಡಿ. ಕೊಳೆ ಹತ್ತಿದ ಕಾಯಿಗಳನ್ನು ಮಾತ್ರ ಹೊರಗೊಯ್ದು ಹೂಳಬೇಕು. ಬಿದ್ದ ಅಡಿಕೆ ಹಾಳೆಗಳನ್ನು ಮಗುಚಿ ಹಾಕಿ. ನೀರು ನಿಂತರೆ ಅಲ್ಲಿ ಹುಟ್ಟುವುದು ಡೆಂಗಿಯ ಸೊಳ್ಳೆ.