ಊರಲ್ಲಿ ವೈದ್ಯರಿಲ್ಲದ ಬೈಕು

ಯಲಹಂಕ ಉಪನಗರದ ನನ್ನ ಮನೆಯಿಂದ ಯಶವಂತಪುರದ ಬಳಿಯ ಕಾಲೇಜಿಗೆ ಹೋಗಿಬರಲು ದಿನಕ್ಕೆ ಮೂವತ್ತು ಕಿಲೋಮೀಟರ್. 2023ರ ಮೇ ತಿಂಗಳಲ್ಲಿ ನಾನೊಂದು ವಿದ್ಯುತ್ ಬೈಕ್ ಕೊಂಡೆ. ಪರಿಸರ ಪ್ರೇಮವೇ ಕಾರಣವೆಂದು ಹೇಳಿಕೊಳ್ಳುವ ಆಸೆಯಿದೆ, ನಿಜ ಅದಲ್ಲ. ಫೇಮ್-2 ಯೋಜನೆಯಡಿ ಬ್ಯಾಟರಿಯ ಪ್ರತಿ ಕಿಲೋವ್ಯಾಟ್ ಗಂಟೆಗೆ 15 ಸಾವಿರ ರೂಪಾಯಿಯಿದ್ದ ಸಹಾಯಧನ ಜೂನ್ 1ರಿಂದ 10 ಸಾವಿರಕ್ಕೆ ಇಳಿಯಲಿತ್ತು. ವಾಹನದ ಬೆಲೆಯ ಶೇ 40ರಷ್ಟಿದ್ದ ಗರಿಷ್ಠ ಮಿತಿಯೂ ಶೇ 15ಕ್ಕೆ ಕುಸಿಯಲಿತ್ತು. ಆ ಒಂದೇ ತಿಂಗಳಲ್ಲಿ ದೇಶದಲ್ಲಿ ಲಕ್ಷಕ್ಕೂ ಹೆಚ್ಚು ವಿದ್ಯುತ್ ದ್ವಿಚಕ್ರ ವಾಹನಗಳು ನೋಂದಣಿಯಾದವು. ನೂಕುನುಗ್ಗಲಿನಲ್ಲಿ ನಾನೂ ಒಬ್ಬ.

ಹಸಿರು ಫಲಕದ ಮೇಲೆ ಬಿಳಿ ಅಕ್ಷರದಲ್ಲಿ ಕೆಎ-50 ಎಂದು ಬರೆಸಿಕೊಂಡು ಬೈಕು ಮನೆಗೆ ಬಂತು. ಮೊದಲ ಹತ್ತು ತಿಂಗಳು ಸುಖವೋ ಸುಖ. ಒಮ್ಮೆ ಪೂರ್ತಿ ಚಾರ್ಜ್ ಮಾಡಲು ನಾಲ್ಕು ಯೂನಿಟ್ ಸಾಕು; ಅದರಲ್ಲಿ ಮೂರು ದಿನದ ಓಡಾಟ ಮುಗಿಯುತ್ತಿತ್ತು. ಆಮೇಲೆ ಒಂದು ದಿನ ಸರ್ವಿಸಿಗೆಂದು ಹೆಬ್ಬಾಳದ ಮಳಿಗೆಗೆ ಹೋದರೆ ಬಾಗಿಲಿಗೆ ಬೀಗ. ಬೋರ್ಡನ್ನೂ ಇಳಿಸಿದ್ದರು. ಪಕ್ಕದ ಟೀ ಅಂಗಡಿಯವರು, ‘ಖಾಲಿ ಮಾಡಿ ಹದಿನೈದು ದಿನ ಆಯ್ತಲ್ಲಾ ಸಾರ್, ನಿಮಗೆ ಹೇಳಲಿಲ್ವಾ?’ ಎಂದರು. ಯಾರೂ ಹೇಳಿರಲಿಲ್ಲ. ದೂರವಾಣಿಯಲ್ಲಿ ಸಿಕ್ಕ ಯುವತಿ ಬಹಳ ವಿನಯದಿಂದ ‘ಸಮೀಪದ’ ಕೇಂದ್ರದ ವಿಳಾಸ ಕೊಟ್ಟರು. ಅದು ನಗರದ ದಕ್ಷಿಣದ ತುದಿಯಲ್ಲಿತ್ತು, ನನ್ನ ಮನೆಯಿಂದ 35 ಕಿಲೋಮೀಟರ್. ನಡುವೆ ಹೆಬ್ಬಾಳದ ಮೇಲ್ಸೇತುವೆಯಿದೆ. ಅದನ್ನು ಸಂಜೆ ಆರು ಗಂಟೆಗೆ ದಾಟಿದವರಿಗೆ ಹೆಚ್ಚು ಹೇಳಬೇಕಿಲ್ಲ.

ಆ ವರ್ಷದ ಮಳೆಗಾಲದ ಒಂದು ಸಂಜೆ ಕೋಗಿಲು ಕ್ರಾಸಿನಲ್ಲಿ ಬೈಕು ನಿಂತಿತು. ಬ್ಯಾಟರಿಯಲ್ಲಿ ಶೇ 60ರಷ್ಟು ಚಾರ್ಜಿತ್ತು. ಪರದೆಯ ಮೇಲೆ ಅರ್ಥವಾಗದ ಒಂದು ಸಂಖ್ಯೆ ಮಿನುಗುತ್ತಿತ್ತು. ತಳ್ಳಿಕೊಂಡು ಹತ್ತಿರದ ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ಸುತ್ತ ಒಮ್ಮೆ ನೋಡಿ, ಸ್ಪ್ಯಾನರನ್ನು ಕೆಳಗಿಟ್ಟು, ‘ಇದು ಬೈಕಲ್ಲ ಸಾರ್, ದೊಡ್ಡ ಮೊಬೈಲು’ ಎಂದರು. ಈ ವಾಹನದ ಬಗ್ಗೆ ನಾನು ಕೇಳಿದ ಅತ್ಯಂತ ನಿಖರವಾದ ಮಾತು ಅದು. ಮರುದಿನ ಗೂಡ್ಸ್ ಆಟೊದಲ್ಲಿ ಹೇರಿಸಿ ಕಳಿಸಿದೆ. ಬಾಡಿಗೆ 1,800 ರೂಪಾಯಿ. ಬೈಕು ಅಲ್ಲಿ ಹತ್ತೊಂಬತ್ತು ದಿನ ಇತ್ತು. ಕೊನೆಗೆ ಪತ್ತೆಯಾದ ರೋಗ: ಸೈಡ್ ಸ್ಟ್ಯಾಂಡಿನ ಸ್ವಿಚ್ಚಿಗೆ ಹೋಗುವ ತಂತಿಯ ಕನೆಕ್ಟರಿನೊಳಗೆ ನೀರು ಇಳಿದು ತುಕ್ಕು ಹಿಡಿದಿತ್ತು. ಸ್ಟ್ಯಾಂಡ್ ಇಳಿದಿದೆ ಎಂದೇ ತಿಳಿದ ಯಂತ್ರ ಮುಂದಕ್ಕೆ ಹೋಗಲು ಒಪ್ಪಿರಲಿಲ್ಲ. ಕೆಲವು ನೂರು ರೂಪಾಯಿಯ ಬಿಡಿಭಾಗ. ಆದರೆ ಆ ಸಂಖ್ಯೆಯ ಅರ್ಥವನ್ನು ಓದಬಲ್ಲ ತಂತ್ರಾಂಶ ಕಂಪನಿಯ ಲ್ಯಾಪ್‌ಟಾಪಿನಲ್ಲಿ ಮಾತ್ರ ಇತ್ತು.

ನಮ್ಮ ಬೀದಿಯಲ್ಲೇ ಒಂದು ಯೆಜ್ಡಿ ರೋಡ್‌ಕಿಂಗ್ ಇದೆ. ಅದನ್ನು ತಯಾರಿಸಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಕಂಪನಿ ಸತ್ತು ಕಾಲು ಶತಮಾನ ಕಳೆದರೂ ಬೈಕು ನೀಲಿ ಹೊಗೆ ಬಿಡುತ್ತಾ ಓಡುತ್ತಲೇ ಇದೆ. ಬಿಡಿಭಾಗ ಜೆ.ಸಿ. ರಸ್ತೆಯಲ್ಲಿ ಸಿಗುತ್ತದೆ, ಇಲ್ಲವಾದರೆ ಲೇತಿನಲ್ಲಿ ಮಾಡಿಸಬಹುದು. ಎಂಜಿನ್ ಬಿಚ್ಚಲು ಯಾರ ಅಪ್ಪಣೆಯೂ ಬೇಡ. ಅದರ ಒಡೆಯರು ನನ್ನನ್ನು ಕಂಡಾಗಲೆಲ್ಲ, ‘ಏನ್ ಮೇಷ್ಟ್ರೇ, ಇವತ್ತು ಸಿಗ್ನಲ್ ಸಿಕ್ತಾ?’ ಎಂದು ವಿಚಾರಿಸುತ್ತಾರೆ.

ಆ ಹತ್ತೊಂಬತ್ತು ದಿನ ನನ್ನನ್ನು ಅರೆ ಮೆಕ್ಯಾನಿಕ್ಕನನ್ನಾಗಿಸಿದವು. ಬ್ರೇಕ್ ಪ್ಯಾಡ್, ಟೈರು, ಚೈನು, ಬೇರಿಂಗು ಇವೆಲ್ಲ ಪೆಟ್ರೋಲ್ ಬೈಕಿನ ಜಾತಿಯವೇ. ಯಾವ ಗ್ಯಾರೇಜಿನಲ್ಲೂ ಬದಲಿಸಬಹುದು. ಯಶವಂತಪುರದಲ್ಲಿ ಯುಪಿಎಸ್ ರಿಪೇರಿ ಮಾಡುವವರೊಬ್ಬರು ಮಲ್ಟಿಮೀಟರ್ ಹಿಡಿಯುವುದನ್ನು ಕಲಿಸಿದರು. ಮಳೆಗಾಲಕ್ಕೆ ಮುನ್ನ ಕನೆಕ್ಟರುಗಳನ್ನು ಬಿಚ್ಚಿ ಒರೆಸಿ ವಿದ್ಯುತ್ ಹರಿಸದ ಗ್ರೀಸ್ ಸವರುತ್ತೇನೆ. ಚಾರ್ಜರಿಗೆ ಪ್ರತ್ಯೇಕ 15 ಆಂಪಿಯರ್ ಪ್ಲಗ್ ಹಾಕಿಸಿ ಅರ್ಥಿಂಗ್ ಪರೀಕ್ಷಿಸಿದೆ. ನಮ್ಮ ಹಳೆಯ ಮನೆಯಲ್ಲಿ ಅದು ಹೆಸರಿಗಷ್ಟೇ ಇತ್ತು. ಬಿಸಿಲಿನಲ್ಲಿ ಓಡಿಸಿ ಬಂದ ಕೂಡಲೇ ಚಾರ್ಜಿಗೆ ಹಾಕುವುದಿಲ್ಲ. ರಜೆಯಲ್ಲಿ ಊರಿಗೆ ಹೋಗುವಾಗ ಬ್ಯಾಟರಿಯನ್ನು ಪೂರ್ತಿ ತುಂಬಿಯೂ ಬಿಡುವುದಿಲ್ಲ, ಬರಿದಾಗಿಯೂ ಬಿಡುವುದಿಲ್ಲ.

ಬ್ಯಾಟರಿಯನ್ನು ಮಾತ್ರ ನಾನು ಮುಟ್ಟುವುದಿಲ್ಲ. 2022ರಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳಿಗೆ ಬೆಂಕಿ ಬಿದ್ದ ಮೇಲೆ ಎಐಎಸ್-156 ಸುರಕ್ಷತಾ ಮಾನದಂಡ ಬಿಗಿಯಾಯಿತು. ಲಿಥಿಯಂ ಬ್ಯಾಟರಿ ಸಾಗಣೆಯ ನಿಯಮಗಳಲ್ಲಿ ಅಪಾಯಕಾರಿ ಸರಕು. ಕೊರಿಯರ್‌ನವರೂ ಸುಲಭವಾಗಿ ಒಯ್ಯುವುದಿಲ್ಲ. ಅದಕ್ಕೆ ಕಂಪನಿ ಬೀಗ ಹಾಕಿದರೆ ಒಪ್ಪೋಣ. ಸ್ಟ್ಯಾಂಡಿನ ಸ್ವಿಚ್ಚಿಗೂ ಬೀಗ ಏಕೆ? ದೋಷದ ಸಂಖ್ಯೆಗಳ ಪಟ್ಟಿಯನ್ನು ಕೈಪಿಡಿಯಲ್ಲಿ ಅಚ್ಚು ಹಾಕಿಸಿದ್ದರೆ ನಷ್ಟವಾಗುತ್ತಿದ್ದುದು ಒಂದು ಹಾಳೆ.

ಸಹಾಯಧನ ಸಾರ್ವಜನಿಕರ ಹಣ. ಅದನ್ನು ಪಡೆಯುವ ವಾಹನಕ್ಕೆ ಬ್ಯಾಟರಿಯೂ ಸೇರಿ ಮೂರು ವರ್ಷದ ವಾರಂಟಿ ಇರಬೇಕು, ಮಾರಾಟಾನಂತರದ ಸೇವೆಗೆ ಸಾಕಷ್ಟು ಏರ್ಪಾಡಿರಬೇಕು ಎಂದು ಫೇಮ್-2 ಷರತ್ತು ಹಾಕಿತ್ತು. ‘ಸಾಕಷ್ಟು’ ಎಂಬ ಪದ ಎಷ್ಟು ಕಿಲೋಮೀಟರ್ ಹಿಗ್ಗಬಲ್ಲದು ಎಂಬುದು ನನಗೆ ಈಗ ಗೊತ್ತು. 2017ರಲ್ಲೇ ವಿದ್ಯುತ್ ವಾಹನ ನೀತಿ ರೂಪಿಸಿ ದೇಶಕ್ಕೆ ಮೊದಲಿಗನಾದ ರಾಜ್ಯ ನಮ್ಮದು. ಏಥರ್, ಅಲ್ಟ್ರಾವಯಲೆಟ್‌ನಂಥ ಕಂಪನಿಗಳು ನೆಲೆಯೂರಿದ ನಗರವೂ ಇದೇ. ಇಲ್ಲಿಯೇ ಹೀಗಾದರೆ ಪಾವಗಡದಲ್ಲೋ ಸಿಂಧನೂರಿನಲ್ಲೋ ಕೊಂಡವರ ಗತಿಯೇನು? ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ‘ರಿಪೇರಿಯ ಹಕ್ಕು’ ಜಾಲತಾಣ ತೆರೆಯಿತು. ಮೋಟಾರು ವಾಹನಗಳೂ ಅದರ ವ್ಯಾಪ್ತಿಯಲ್ಲಿವೆ. ಆದರೆ ಕಂಪನಿಗಳು ತಾವಾಗಿ ಕೊಟ್ಟ ಮಾಹಿತಿಯಷ್ಟೇ ಅಲ್ಲಿ ಸಿಗುತ್ತದೆ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದಕ್ಕಿಂತ ಗಟ್ಟಿ. ಕಂಪನಿಯ ಕಚೇರಿ ಎಲ್ಲಿಯೇ ಇರಲಿ, ಗ್ರಾಹಕ ತಾನು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ವಸ್ತುವಿಗೆ ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಅದಕ್ಕೆ ಕಾಗದಪತ್ರ ಬೇಕು. ನಾನು ಬಾಯಿಮಾತಿನಲ್ಲಿ ಹತ್ತೊಂಬತ್ತು ದಿನ ಜಗಳವಾಡಿದ್ದೆ, ಒಂದು ಇಮೇಲನ್ನೂ ಕಳಿಸಿರಲಿಲ್ಲ. ಗೂಡ್ಸ್ ಆಟೊದ ಬಾಡಿಗೆಗೂ ರಸೀದಿ ಪಡೆದಿರಲಿಲ್ಲ. ಈಗ ಜಾಬ್ ಕಾರ್ಡು, ದೋಷದ ಸಂಖ್ಯೆಯ ಚಿತ್ರ, ದಿನಾಂಕ ಎಲ್ಲವನ್ನೂ ಒಂದು ಫೈಲಿನಲ್ಲಿ ಇಟ್ಟಿದ್ದೇನೆ.

ಕಳೆದ ವಾರ ಪರದೆಯ ಮೇಲೆ ಹೊಸ ಸಂದೇಶ ಬಂತು: ತಂತ್ರಾಂಶ ಪರಿಷ್ಕರಣೆ ಸಿದ್ಧವಿದೆ, ಒಪ್ಪಿಗೆಯೇ? ಅದರಿಂದ ಏನು ಸರಿಹೋಗುತ್ತದೆ ಎಂದು ಬರೆದಿರಲಿಲ್ಲ. ನಡುವೆ ನಿಂತರೆ 35 ಕಿಲೋಮೀಟರ್ ಹೊತ್ತೊಯ್ಯಬೇಕು. ಮರುದಿನ ಕಾಲೇಜಿನಲ್ಲಿ ಪರೀಕ್ಷೆಯಿತ್ತು. ‘ಆಮೇಲೆ’ ಎಂಬುದನ್ನು ಒತ್ತಿದೆ.