ಸಬ್‌ಮರೀನ್ ಒಂದೇ ಅಂಗಡಿಯ ಮಾಲಲ್ಲ

"ಸಬ್‌ಮರೀನ್ ಫಾರಿನ್‌ದಾಗ ತಯಾರಾಗಿ ಬರ್ತದ್ರೀ, ನಮಗೇನ್ ಸಂಬಂಧ?" ಸಮುದ್ರವೇ ಇಲ್ಲದ ಯಾದಗಿರಿ ಜಿಲ್ಲೆಯಲ್ಲಿ ಈ ಮಾತು ಸಹಜ. ಆದರೆ ಅರ್ಧಕ್ಕರ್ಧ ತಪ್ಪು.

ಫ್ರಾನ್ಸಿನೊಂದಿಗೆ 2005ರಲ್ಲಿ ಆದ ಒಪ್ಪಂದದ ಕಲ್ವರಿ ಸರಣಿಯ 6 ಸಬ್‌ಮರೀನ್‌ಗಳನ್ನು ಕಟ್ಟಿದ್ದು ಮುಂಬೈನ ಮಜಗಾಂವ್ ಡಾಕ್. ಮೊದಲನೆಯದು 2017ರ ಡಿಸೆಂಬರ್‌ನಲ್ಲಿ, ಕೊನೆಯ ವಾಗ್‌ಶೀರ್ 2025ರ ಜನವರಿಯಲ್ಲಿ ನೌಕಾಪಡೆ ಸೇರಿದವು. ವಿನ್ಯಾಸವೂ ಬಹುಪಾಲು ಮುಖ್ಯ ಯಂತ್ರಗಳೂ ಹೊರಗಿನವೇ, ನಿಜ. ಉಳಿದದ್ದನ್ನು ಡಾಕ್ ಬಿಡಿಬಿಡಿಯಾಗಿ ಕೊಳ್ಳಬೇಕು. ಮೊದಲ ಸಬ್‌ಮರೀನ್ 2012ಕ್ಕೇ ಬರಬೇಕಿತ್ತು. ತಡವಾಗಲು ಸಾಮಗ್ರಿ ಖರೀದಿಯ ವಿಳಂಬವೂ ಒಂದು ಕಾರಣ.

ಏನೇನು ಕೊಳ್ಳುತ್ತಾರೆ? ಒಂದೊಂದರಲ್ಲಿ ಸುಮಾರು 60 ಕಿ.ಮೀ. ಕೇಬಲ್ ಇದೆ, ಯಾದಗಿರಿಯಿಂದ ಶಹಾಪುರದವರೆಗೆ ಎಳೆದರೂ ಮಿಗುತ್ತದೆ. ಪೈಪು 11 ಕಿ.ಮೀ. ತಲಾ 750 ಕೆ.ಜಿ. ತೂಗುವ 360 ಬ್ಯಾಟರಿ ಸೆಲ್‌ಗಳು, ಅಂದರೆ 270 ಟನ್. ಇವುಗಳ ಜೊತೆಗೆ ವಾಲ್ವ್, ಫ್ಲ್ಯಾಂಜ್, ಪಂಪು, ಎರಕದ ಬಿಡಿಭಾಗ, ರಬ್ಬರ್ ಗ್ಯಾಸ್ಕೆಟ್, ಪೇಂಟು, ಎ.ಸಿ., ಅಡುಗೆಮನೆಯ ಸಾಮಾನು. ಸಾಮಾನಷ್ಟೇ ಅಲ್ಲ, ಸೇವೆಗಳೂ ಟೆಂಡರಿನಲ್ಲೇ ಬರುತ್ತವೆ: ಬೆಸುಗೆ, ಬೆಸುಗೆಯ ಎಕ್ಸ್-ರೇ ತಪಾಸಣೆ, ಪೈಪ್ ಜೋಡಣೆ, ಅಟ್ಟಣಿಗೆ ಕಟ್ಟುವುದು, ಅಳತೆ ಉಪಕರಣಗಳ ಪರೀಕ್ಷೆ, ಸಾಗಣೆ, ಸ್ವಚ್ಛತೆ, ಕ್ಯಾಂಟೀನು. ಕರ್ನಾಟಕದ ಪಾಲೂ ಹೊಸತಲ್ಲ. ಹಳೆಯ ಸಿಂಧುಘೋಷ್ ಸರಣಿಗೆ ಕೊಚ್ಚಿಯ ಪ್ರಯೋಗಾಲಯ ರೂಪಿಸಿದ 'ಉಷಸ್' ಸೋನಾರನ್ನು ತಯಾರಿಸಿದ್ದು ಬೆಂಗಳೂರಿನ ಬಿಇಎಲ್.

ಹಾಗೆಂದು ಟ್ರ್ಯಾಕ್ಟರ್ ಟ್ರಾಲಿ ಮಾಡುವ ವರ್ಕ್‌ಶಾಪು ನಾಳೆಯೇ ವಾಲ್ವ್ ಕಳಿಸಲಾಗದು. ಸಮುದ್ರದಾಳದ ಒತ್ತಡ ತಾಳುವ ಪ್ರತಿ ಭಾಗಕ್ಕೂ ಲೋಹದ ಪ್ರಮಾಣಪತ್ರ, ಒತ್ತಡದ ಪರೀಕ್ಷೆ, ಆಘಾತದ ಪರೀಕ್ಷೆ ಬೇಕು. ಸಣ್ಣವರು ದೊಡ್ಡ ಪೂರೈಕೆದಾರರ ಕೈಕೆಳಗೆ ಉಪಗುತ್ತಿಗೆಯಿಂದ ಶುರುಮಾಡುವುದೇ ಸರಿಯಾದ ದಾರಿ.

"ಸಬ್‌ಮರೀನ್ ಬಂತಂದ್ರ ಆಯುಧನೂ ಕೂಡೇ ಬರ್ತಾವ" ಎನ್ನುವವರಿಗೆ ಕಲ್ವರಿಯ ಕಥೆಯೇ ಉತ್ತರ. ಟಾರ್ಪಿಡೊ ಖರೀದಿ ಪ್ರತ್ಯೇಕ ಒಪ್ಪಂದ. ಇಟಲಿಯ 98 ಬ್ಲ್ಯಾಕ್ ಶಾರ್ಕ್ ಟಾರ್ಪಿಡೊಗಳ ಖರೀದಿ 2016ರಲ್ಲಿ ರದ್ದಾಯಿತು. ಹಳೆಯ ಟಾರ್ಪಿಡೊಗಳಿಂದಲೇ ಕೆಲಸ ಸಾಗಿಸಬೇಕಾಯಿತು.

ನಮ್ಮ ಭಾಗದ ದೊಡ್ಡ ಗಾಳಿಮಾತು ಇನ್ನೊಂದಿದೆ: "ಗೋಗಿ ಯುರೇನಿಯಂ ಸಬ್‌ಮರೀನಿಗೇ ಹೋಗ್ತದ." ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಯುರೇನಿಯಂ ನಿಕ್ಷೇಪ ಇರುವುದು ನಿಜ, ಪರಿಶೋಧನಾ ಗಣಿ ತೋಡಿದ್ದೂ ನಿಜ. ಆದರೆ ಮಜಗಾಂವ್‌ನ ಸಬ್‌ಮರೀನ್‌ಗಳು ಡೀಸೆಲ್ ಮತ್ತು ಬ್ಯಾಟರಿಯಿಂದ ಓಡುವಂಥವು, ಅವಕ್ಕೆ ಯುರೇನಿಯಂ ಗ್ರಾಂನಷ್ಟೂ ಬೇಡ. ಅಣುಶಕ್ತಿಯ ಅರಿಹಂತ್, ಅರಿಘಾತ್ ಕಟ್ಟಿದ್ದು ವಿಶಾಖಪಟ್ಟಣದಲ್ಲಿ. ಅವಕ್ಕೂ ಅದಿರನ್ನು ಹಾಗೆಯೇ ತುಂಬಲಾಗದು: ನೈಸರ್ಗಿಕ ಯುರೇನಿಯಂನಲ್ಲಿ ಉರಿಯುವ ಯು-235 ಅಂಶ ಶೇ 0.7 ಮಾತ್ರ, ಸಬ್‌ಮರೀನ್ ರಿಯಾಕ್ಟರಿಗೆ ಅದನ್ನು ಬಹಳಷ್ಟು ಹೆಚ್ಚಿಸಬೇಕು. ನಿಕ್ಷೇಪದ ಮೇಲೆಯೇ ಬದುಕುವ ಗೋಗಿಯವರ ನಿಜವಾದ ಪ್ರಶ್ನೆ ಕುಡಿಯುವ ನೀರಿನ ಸುರಕ್ಷತೆಯದು. ಗಾಳಿಮಾತಿನ ಗದ್ದಲದಲ್ಲಿ ಅದು ಮುಳುಗಬಾರದು.

"371(ಜೆ) ಅದಲ್ಲ, ಡಾಕ್‌ದಾಗ ನಮಗ ಮೀಸಲಾತಿ ಸಿಗ್ತದ" ಎಂಬ ಭರವಸೆಯೂ ಹುಸಿ. ನಮ್ಮ ಭಾಗಕ್ಕಿರುವ ಸಂವಿಧಾನದ ಆ ವಿಧಿ ರಾಜ್ಯ ಸರ್ಕಾರದ ಹುದ್ದೆ, ಶಿಕ್ಷಣ ಸೀಟುಗಳಿಗೆ ಸಂಬಂಧಿಸಿದ್ದು. ಮಜಗಾಂವ್ ಡಾಕ್ ಕೇಂದ್ರದ ಉದ್ದಿಮೆ. ಬದಲಿಗೆ ಬೇರೆ ಬಾಗಿಲುಗಳಿವೆ. ಫಿಟ್ಟರ್, ವೆಲ್ಡರ್, ಎಲೆಕ್ಟ್ರಿಷಿಯನ್ ಐಟಿಐ ಮುಗಿಸಿದವರಿಗೆ ಡಾಕ್ ಅಪ್ರೆಂಟಿಸ್ ತರಬೇತಿ ಕೊಡುತ್ತದೆ. ಕೇಂದ್ರದ ಉದ್ದಿಮೆಗಳು ವರ್ಷದ ಖರೀದಿಯಲ್ಲಿ ಕನಿಷ್ಠ ಶೇ 25ನ್ನು ಕಿರು ಮತ್ತು ಸಣ್ಣ ಉದ್ದಿಮೆಗಳಿಂದ ಮಾಡಬೇಕು. ಅದರೊಳಗೆ ಶೇ 4 ಪರಿಶಿಷ್ಟ ಜಾತಿ, ಪಂಗಡದವರ ಉದ್ದಿಮೆಗಳಿಗೆ, ಶೇ 3 ಮಹಿಳೆಯರ ಉದ್ದಿಮೆಗಳಿಗೆ. ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಕ್ಷೇತ್ರವಾದ ಸುರಪುರದಲ್ಲಿ ಇದನ್ನು ಎಷ್ಟು ಮಂದಿಗೆ ಹೇಳಿಕೊಟ್ಟಿದ್ದಾರೋ!

ಕೊನೆಯ ಭ್ರಮೆ, ಏಜೆಂಟರಿಲ್ಲದೆ ಕೆಲಸ ಆಗದು ಎಂಬುದು. ಸಣ್ಣ ಉದ್ದಿಮೆಗಳಿಗಿರುವ ಉದ್ಯಮ್ ನೋಂದಣಿ ಪೂರ್ತಿ ಉಚಿತ, ಆಧಾರ್ ಮತ್ತು ಪ್ಯಾನ್ ಸಾಕು. ಟೆಂಡರುಗಳು ಸರ್ಕಾರಿ ಖರೀದಿಯ ಜೆಮ್ ಪೋರ್ಟಲಿನಲ್ಲಿ ಎಲ್ಲರಿಗೂ ಕಾಣುತ್ತವೆ. ನೋಂದಣಿಯಾದ ಮಾತ್ರಕ್ಕೆ ಆರ್ಡರ್ ಬಂದೇಬಿಡುವುದಿಲ್ಲ. ಆರ್ಡರ್ ಕೊಡಿಸುತ್ತೇನೆಂದು ಯಾರಾದರೂ ಮುಂಗಡ ಕೇಳಿದರೆ ಮಾತ್ರ ಒಂದು ರೂಪಾಯಿಯನ್ನೂ ಕೊಡಬೇಡಿ.